ಸಕಾರಕ್ಕೆ ಎಷ್ಟು ಬಿಟ್

ವೆರ್ಣಾದ ಶೆಡ್ಡಿನಲ್ಲಿ, ನನ್ನ ಮೇಜಿನ ಮೇಲೆ,
ಹೆಬ್ಬೆರಳ ಉಗುರಿನಷ್ಟು ಒಂದು ಚಿಪ್ಪು.
ಮೂವತ್ತೆರಡು ಕಿಲೋಬೈಟ್ ನೆನಪು,
ದಶಾಂಶ ಬಾರದು, ಭಾಗಾಕಾರಕ್ಕೆ ಬೆವರುತ್ತದೆ.
ಇದರೊಳಗೆ ಮನುಷ್ಯನ ಗಂಟಲು ಹಿಡಿಸಬೇಕಂತೆ.
ಬಾರ್ಜಿನ ಮಾಲೀಕರ ಷರತ್ತು:
ಬ್ಯಾಟರಿ ಎರಡು ದಿನ ಬಾಳಬೇಕು,
ಬೆಲೆ ಒಂದು ಕಿಲೋ ಇಸೋಣ ಮೀನು ದಾಟಬಾರದು.

ಧ್ವನಿಯನ್ನೇ ಕಳಿಸುವುದಿಲ್ಲ ನಾವು.
ಅಷ್ಟು ಜಾಗ ಗಾಳಿಯಲ್ಲಿಲ್ಲ.
ಸೆಕೆಂಡನ್ನು ಐವತ್ತು ಚೂರು ಮಾಡಿ
ಚೂರಿಗೆ ನಲವತ್ತೆಂಟು ಬಿಟ್:
ಬಾಯಿ ಎಷ್ಟು ತೆರೆದಿತ್ತು, ನಾಲಗೆ ಎಲ್ಲಿತ್ತು,
ಗಂಟಲು ನಡುಗಿತೋ, ಬರೀ ಉಸಿರೋ.
ಕಾಣೆಯಾದವರ ಚಹರೆ ಬರೆದ ಹಾಗೆ.
ಆಚೆ ದಡದ ಚಿಪ್ಪು ಅದನ್ನು ಓದಿ
ಇಲ್ಲದ ಬಾಯೊಂದನ್ನು ಕಟ್ಟಿ
ಮಾತಾಡಿಸುತ್ತದೆ.

ಪರೀಕ್ಷೆಗೆ ಮೂರು ಕೋಡೆಕ್ ಬಂದಿದ್ದವು.
ಮೊದಲನೆಯದು ಧಾರಾಳಿ,
ಗಂಟುಮೂಟೆ ಸಮೇತ ಬಂದ ಬೀಗರಂತೆ
ರೇಡಿಯೋದ ಹೊಸ್ತಿಲಲ್ಲೇ ಸಿಕ್ಕಿಕೊಂಡಿತು.
ಎರಡನೆಯದು ಜೇನು.
ಕೇಳಿದವರೆಲ್ಲ ಐದಕ್ಕೆ ನಾಲ್ಕು ಕೊಟ್ಟರು.
ಮೂರನೆಯದು, ನೆಗಡಿಯಾದವನು
ಕೊಡದೊಳಗೆ ಮುಖವಿಟ್ಟು ಹರಟಿದ ಹಾಗೆ.
ಎರಡನೆಯದಕ್ಕೆ ಗುರುತು ಹಾಕಿ
ಐದೂವರೆಯ ಬಸ್ಸು ಹಿಡಿದೆ.

ಮರುದಿನ ಇನಾಸ್ ಬಂದ. ಕುಂಬಾರಜುವೆ ಕಾಲುವೆಯಲ್ಲಿ
ಇಪ್ಪತ್ತು ವರ್ಷ ಗಳ ಇಳಿಸಿ ಆಳ ನೋಡಿದವನು.
ನನ್ನ ಇಂಗ್ಲಿಷ್ ವಾಕ್ಯಗಳನ್ನು ಕೇಳಿ ನಕ್ಕ:
"ಬೋಟಿನಲ್ಲಿ ಯಾರು ಹೀಗೆ ಮಾತಾಡುತ್ತಾರೆ ಬಾಯ್?
ನಾವು ಕೂಗುವುದು ಬರೀ ಅಂಕಿ."
ಡೀಸೆಲ್ ಎಂಜಿನ್ನಿನ ಸದ್ದು ಹಚ್ಚಿ ಕೂತೆವು.
ಜೇನು ಎಂಜಿನ್ನನ್ನೂ ಮನುಷ್ಯನೆಂದು ಬಗೆದು
ಅದರ ಗುಡುಗಿಗೆ ಒಂದು 'ಅ' ಕೊಟ್ಟಿತು, ಪಾಪ.
ಇನಾಸ್ ಮೈಕಿನಲ್ಲಿ "ಸಾತ್" ಎಂದ.
ಸ್ಪೀಕರಿನಲ್ಲಿ, ಇಂಪಾಗಿ: "ಆಟ್."
ಮತ್ತೆ ಸಾತ್. ಮತ್ತೆ ಆಟ್.
ಏಳು ಅಡಿ ನೀರನ್ನು ಎಂಟೆಂದು ನಂಬಿದ ಬಾರ್ಜು
ಕೆಸರಲ್ಲಿ ಕೂತರೆ ಮುಂದಿನ ಭರತದವರೆಗೆ ಏಳುವುದಿಲ್ಲ.
ಇನಾಸ್ ನಗಲಿಲ್ಲ ಈ ಸಲ.

ಕ್ಯಾಂಟೀನಿನ ದ್ಯಾಮವ್ವನನ್ನು ಕರೆತಂದೆ.
ಬೈನಾದಲ್ಲಿ ಮನೆ, ಬೈಲಹೊಂಗಲದ ಮಾತು,
ಒಗ್ಗರಣೆಯ ಚಟಪಟದ ನಡುವೆ
ಹದಿನಾರು ಟೇಬಲ್ಲಿನ ಆರ್ಡರು ತಪ್ಪದ ಕಿವಿ.
ಕೊಂಕಣಿ ಅಂಕಿಗಳನ್ನು ಬೆರಳಲ್ಲಿ ತೋರಿಸುತ್ತ ಹೋದಳು.
ಮೂರನೆಯದಕ್ಕೆ ಒಂದೂ ತಪ್ಪಲಿಲ್ಲ.
ಸಕಾರ ಬಂದಲ್ಲೆಲ್ಲ ಅದು
ಒಂದು ಹಿಡಿ ಮರಳು ಎರಚುತ್ತಿತ್ತು, ಒರಟಾಗಿ.
"ಇದು ಮೂಗಿನಾಗ ಮಾತಾಡತೈತ್ರಿ," ಅಂದಳು,
"ಆದ್ರ ಸುಳ್ಳ ಹೇಳಂಗಿಲ್ಲ.
ಆ ಇನ್ನೊಂದು ನಮ್ಮ ಭಾವನಂಗ,
ಸವಿಸವಿಯಾಗಿ ರೊಕ್ಕ ಒಂದು ಕಡಿಮಿ ಎಣಸತೈತಿ."

ಮಾತಿಲ್ಲದಾಗ ಬಿಟ್ ಖರ್ಚು ಬೇಡವೆಂದು
ಮೌನವನ್ನು ಪೂರ್ತಿ ಕತ್ತರಿಸಿದ್ದೆ.
ಮೊದಲ ರಾತ್ರಿ ನದಿಯಲ್ಲಿ ಎಲ್ಲರೂ
"ಹಲೋ, ಹಲೋ, ಸತ್ತಿತಾ?" ಎಂದು ಕೂಗಿದ್ದೇ ಕೂಗಿದ್ದು.
ಈಗ ಸುಮ್ಮನಿರುವಾಗಲೂ
ಒಂದಿಷ್ಟು ಸುಳ್ಳು ಸರಸರ ಸೇರಿಸುತ್ತೇನೆ.
ಮೌನವೂ ಜೀವಂತ ಎಂದು ತೋರಿಸಲು
ಸದ್ದು ಮಾಡಬೇಕು.

ಎರಡನೆಯ ರಾತ್ರಿ ಇಳಿತ.
ಮುಂದಿನ ಬಾರ್ಜಿನಿಂದ ಬಂತು ಅಂಕಿ: ಸಾತ್.
ಮರಳಿನ ಸಮೇತ, ಸ್ಪಷ್ಟ.
ಇನಾಸ್ ಚುಕ್ಕಾಣಿ ತಿರುಗಿಸಿದ, ತಪ್ಪಿಸಿದ.
ಆಮೇಲೆ ಪೆಟ್ಟಿಗೆ ಕಿವಿಗೆ ಹಿಡಿದು ಕೇಳಿದ:
"ಯಾರದು ಈ ದನಿ?"
"ನಿನ್ನ ತಮ್ಮ, ಕಾಯ್ತಾನ್."
ಅವನು ಇನ್ನೊಮ್ಮೆ ಹಾಕಿಸಿದ. ಇನ್ನೊಮ್ಮೆ.
"ನಂಬರು ಬಂತು ಬಾಯ್," ಅಂದ,
"ತಮ್ಮ ಬರಲಿಲ್ಲ."

ವರದಿಯಲ್ಲಿ ಬರೆದೆ: ಮೂರನೆಯದು ತೇರ್ಗಡೆ.
ಆ ಪ್ರಶ್ನೆಗೆ ಕಾಲಂ ಇರಲಿಲ್ಲ.
ನಲವತ್ತೆಂಟರಲ್ಲಿ ಎರಡು ಬಿಟ್ ಇನ್ನೂ ಖಾಲಿ.
ಎರಡು ಬಿಟ್ ಅಂದರೆ ನಾಲ್ಕು ಸಾಧ್ಯತೆ.
ಆ ಬಾರ್ಜುಗಳಲ್ಲಿ
ಹನ್ನೊಂದು ಜನರಿದ್ದಾರೆ.